ನಾವು ಹೋದ ಮೇಲೂ ಆಸ್ತಿ ಮಗುವಿಗೇ ಸಲ್ಲಬೇಕಾದರೆ: ಖಾಸಗಿ ಟ್ರಸ್ಟ್ ಮಾಡುವ ಸಮಗ್ರ ಮಾರ್ಗದರ್ಶಿ

ನೋಂದಣಿಯಾದ ಟ್ರಸ್ಟ್ ಪತ್ರ ಕೈಯಲ್ಲಿರುತ್ತದೆ, ಪಹಣಿಯಲ್ಲಿ ಮಾತ್ರ ತೀರಿಕೊಂಡ ತಂದೆಯ ಹೆಸರೇ ಉಳಿದಿರುತ್ತದೆ. ಒಂದು ದಿನ ಸಂಬಂಧಿಕರಲ್ಲಿ ಯಾರೋ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಹಾಕುತ್ತಾರೆ. ಆಗ ತಾಯಿ ಆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ದಾವಣಗೆರೆಯಲ್ಲಿ ಆಸ್ತಿ ವ್ಯಾಜ್ಯಗಳನ್ನು ನಡೆಸುವ ನನ್ನ ಮೇಜಿನ ಮೇಲೆ ಇಂಥ ಚೀಲಗಳು ಮತ್ತೆ ಮತ್ತೆ ಬಿಚ್ಚಿಕೊಂಡಿವೆ. ತಪ್ಪು ಹೆಚ್ಚಾಗಿ ಒಂದೇ ಬಗೆಯದು: ಎಲ್ಲರೂ ಪತ್ರ ಬರೆಸುವುದರಿಂದ ಆರಂಭಿಸುತ್ತಾರೆ, ನೋಂದಣಿಗೆ ನಿಲ್ಲಿಸುತ್ತಾರೆ. ಟ್ರಸ್ಟ್ ಆರಂಭವಾಗಬೇಕಾದದ್ದು ಆಸ್ತಿಯ ಮೂಲ ದಾಖಲೆಯಿಂದ, ಮುಟ್ಟಬೇಕಾದದ್ದು ಖಾತೆ ಮತ್ತು ಬ್ಯಾಂಕ್ ಪುಸ್ತಕದವರೆಗೆ. ಪತ್ರ ಅವುಗಳ ನಡುವಿನ ಒಂದು ಮೆಟ್ಟಿಲು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಕೆಲವು ಪದಗಳು ಮೊದಲೇ ತಿಳಿದಿರಲಿ. ಆಸ್ತಿಯನ್ನು ಬಿಟ್ಟುಕೊಡುವವರು ಟ್ರಸ್ಟ್ ಕರ್ತೃ. ಅದನ್ನು ತಮ್ಮ ಹೆಸರಿನಲ್ಲಿ ಹೊತ್ತುಕೊಳ್ಳುವವರು ಟ್ರಸ್ಟಿ. ಅದರ ಫಲ ಉಣ್ಣುವವರು ಫಲಾನುಭವಿ. ಹೆಸರು ಒಬ್ಬರದು, ಫಲ ಇನ್ನೊಬ್ಬರದು. ಈ ಎರಡನ್ನೂ ಬೆಸೆಯುವ ಕಾನೂನಿನ ಹೊಣೆಗಾರಿಕೆಯೇ ಟ್ರಸ್ಟ್. ಇದನ್ನು ಆಳುವುದು ಭಾರತೀಯ ಟ್ರಸ್ಟ್ ಕಾಯ್ದೆ, 1882. ದೇವಸ್ಥಾನ, ಛತ್ರ, ಶಾಲೆ, ದಾಸೋಹಕ್ಕೆ ಬಿಡುವ ಆಸ್ತಿ ಸಾರ್ವಜನಿಕ ಟ್ರಸ್ಟ್‌ನ ದಾರಿ ಹಿಡಿಯುತ್ತದೆ. ಅದಕ್ಕೆ ಈ ಕಾಯ್ದೆ ನೇರವಾಗಿ ಅನ್ವಯಿಸುವುದಿಲ್ಲ, ಇಲ್ಲಿ ಅದರ ಮಾತಿಲ್ಲ.

ಒಂದು ಕಲ್ಪಿತ ಕುಟುಂಬವನ್ನು ಉದ್ದಕ್ಕೂ ಜೊತೆಗಿಟ್ಟುಕೊಳ್ಳೋಣ. ದಾವಣಗೆರೆಯ ವಿದ್ಯಾನಗರದಲ್ಲಿ ನಿವೃತ್ತ ಶಿಕ್ಷಕರೊಬ್ಬರ ಮನೆ, ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಎಕರೆ ಅಡಿಕೆ ತೋಟ. ಮಗನಿಗೆ 27 ವರ್ಷ, ಬೌದ್ಧಿಕ ಅಂಗವೈಕಲ್ಯವಿದೆ. ಮಗಳು ಮದುವೆಯಾಗಿ ಹರಿಹರದಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರಿಗೂ ಇರುವುದು ಒಂದೇ ಪ್ರಶ್ನೆ: ನಾವು ಹೋದ ಮೇಲೆ ಇವನನ್ನು ನೋಡಿಕೊಳ್ಳುವವರು ಯಾರು?

ಹಂತ 1: ಟ್ರಸ್ಟೇ ಬೇಕೇ ಎಂದು ಮೊದಲು ತೀರ್ಮಾನಿಸಿ

ಬಹಳ ಮಂದಿ ಮಾಡುವುದು ಹೀಗೆ: "ತಮ್ಮನನ್ನು ನೋಡಿಕೋ" ಎಂದು ಹೇಳಿ ಮಗಳ ಹೆಸರಿಗೆ ದಾನಪತ್ರ ಬರೆದುಕೊಡುತ್ತಾರೆ. ಮಗಳ ಮನಸ್ಸು ಎಷ್ಟೇ ಒಳ್ಳೆಯದಿರಲಿ, ದಾನಪತ್ರ ನೋಂದಣಿಯಾದ ದಿನದಿಂದ ಆ ಮನೆ ಅವಳ ಸ್ವಂತ ಆಸ್ತಿ. ನಾಳೆ ಅವಳಿಗೆ ಸಾಲ ಕೊಟ್ಟವರು ಅದರ ಮೇಲೆ ಜಪ್ತಿ ತರಬಹುದು. ಅವಳು ತಮ್ಮನಿಗಿಂತ ಮೊದಲು ತೀರಿಕೊಂಡರೆ ಆಸ್ತಿ ಅವಳ ಗಂಡ, ಮಕ್ಕಳಿಗೆ ಹೋಗುತ್ತದೆ. ತಮ್ಮನಿಗೆ ಅಲ್ಲಿ ಹಕ್ಕು ಏನೂ ಇರುವುದಿಲ್ಲ. ಮಗನ ಹೆಸರಿಗೇ ಬರೆದರೆ ಆಸ್ತಿಯನ್ನು ನಡೆಸುವ ಶಕ್ತಿ ಅವನಿಗಿಲ್ಲ.

ಫಲಾನುಭವಿ ಸ್ವತಃ ಆಸ್ತಿ ನಡೆಸಲಾರನು, ನಡೆಸುವವರಿಗೆ ಆಸ್ತಿಯನ್ನು ಪೂರ್ತಿ ಒಪ್ಪಿಸಲೂ ಆಗದು ಎಂಬ ಇಂಥ ಸ್ಥಿತಿಗೇ ಟ್ರಸ್ಟ್ ಇರುವುದು. ಮಕ್ಕಳೆಲ್ಲ ದೊಡ್ಡವರಾಗಿ, ಸ್ವಸ್ಥರಾಗಿ, ತಮ್ಮ ಕಾಲ ಮೇಲೆ ನಿಂತಿದ್ದರೆ ಸಾಮಾನ್ಯವಾಗಿ ಒಂದು ಒಳ್ಳೆಯ ಉಯಿಲು ಅಥವಾ ವಿಭಾಗ ಪತ್ರ ಸಾಕು. ಅವರಿಗೆ ಟ್ರಸ್ಟ್ ಮಾಡಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಕರಾರು ಮಾಡಿಕೊಳ್ಳಲು ಶಕ್ತರಾದ ಫಲಾನುಭವಿಗಳೆಲ್ಲ ಒಮ್ಮತದಿಂದ ಕೇಳಿದರೆ ಟ್ರಸ್ಟಿ ಆಸ್ತಿಯನ್ನು ಅವರಿಗೇ ವರ್ಗಾಯಿಸಬೇಕೆಂದು ಕಾಯ್ದೆಯ 56ನೇ ಕಲಂ ಹೇಳುತ್ತದೆ. "ಮಕ್ಕಳು ಮಾರದಿರಲಿ" ಎಂದು ಮಾಡಿದ ಟ್ರಸ್ಟ್ ಅವರೆಲ್ಲ ಕೂಡಿ ಕೇಳಿದ ದಿನ ಮುಗಿದುಹೋಗುತ್ತದೆ.

ಟ್ರಸ್ಟ್ ಬದುಕಿರುವಾಗಲೇ ಜಾರಿಗೆ ಬರಬೇಕೇ, ಮರಣಾನಂತರವೇ ಎಂಬುದು ಎರಡನೆಯ ಪ್ರಶ್ನೆ. ಉಯಿಲಿನ ಮೂಲಕ ಮಾಡಿದರೆ ಕೊನೆಯುಸಿರಿನವರೆಗೂ ಬದಲಿಸಬಹುದು, ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇಬೇಕು. ತೊಂದರೆಯೆಂದರೆ, ಅದನ್ನು ಯಾರಾದರೂ ಪ್ರಶ್ನಿಸಿದಾಗ ಉತ್ತರ ಹೇಳಲು ನೀವಿರುವುದಿಲ್ಲ. ಅಸಹಾಯಕ ಮಗುವಿದ್ದರೆ ಬದುಕಿರುವಾಗಲೇ ಒಂದು ಆಸ್ತಿಯಿಂದ ಟ್ರಸ್ಟ್ ಆರಂಭಿಸಿ, ಅದು ನಡೆಯುವ ರೀತಿಯನ್ನು ಕಣ್ಣಾರೆ ನೋಡಿ, ಉಳಿದದ್ದನ್ನು ಉಯಿಲಿನಲ್ಲಿ ಅದೇ ಟ್ರಸ್ಟ್‌ಗೆ ಸೇರಿಸಿ ಎಂಬುದು ನನ್ನ ಸಲಹೆ.

ಹಂತ 2: ಆಸ್ತಿ ಕೊಡಲು ನಿಮ್ಮದೇ ಹೌದೇ ಎಂದು ಪರೀಕ್ಷಿಸಿ

ನಾನು ನೋಡಿದ ಟ್ರಸ್ಟ್‌ಗಳು ಹೆಚ್ಚಾಗಿ ಸತ್ತಿರುವುದು ಈ ಹಂತದಲ್ಲಿ. ನಿಮ್ಮದಲ್ಲದ್ದನ್ನು ಟ್ರಸ್ಟ್‌ಗೆ ಕೊಡಲಾಗದು, ಆದ್ದರಿಂದ ಅವಸರ ಮಾಡಬೇಡಿ.

ಮೊದಲು ಇವನ್ನು ಒಂದು ಕಡೆ ಜೋಡಿಸಿ: ಮೂಲ ಕ್ರಯಪತ್ರ ಅಥವಾ ವಿಭಾಗ ಪತ್ರ, ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ, ಜಮೀನಿನ ಪಹಣಿ ಮತ್ತು ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿಗಳು, ಮನೆಯ ಇ-ಖಾತೆ, ಕಂದಾಯ ರಸೀದಿ, ವಂಶವೃಕ್ಷ. 2004ರ ಏಪ್ರಿಲ್ ನಂತರದ ಋಣಭಾರ ವಿವರ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಬರಹದ ಪುಸ್ತಕ ತೆಗೆಸಬೇಕು.

ನಮ್ಮ ಜಿಲ್ಲೆಯವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದೊಂದಿದೆ. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು. ಹಳೆಯ ಪತ್ರದ ಷೆಡ್ಯೂಲನ್ನು (ಆಸ್ತಿಯ ವಿವರವನ್ನು) ಹಾಗೆಯೇ ನಕಲು ಮಾಡಿದರೆ ಇಂದಿನ ದಾಖಲೆಯೊಂದಿಗೆ ಜಿಲ್ಲೆಯ ಹೆಸರೇ ತಾಳೆಯಾಗುವುದಿಲ್ಲ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಚಕ್ಕುಬಂದಿಯನ್ನು ಇಂದಿನ ಪಹಣಿ ನೋಡಿ ಬರೆಸಿ, ಹಳೆಯ ವಿವರವನ್ನು "ಈ ಹಿಂದೆ ಇಂಥ ಜಿಲ್ಲೆಗೆ ಸೇರಿದ್ದ" ಎಂದು ಜೊತೆಗೆ ಕಾಣಿಸಿ.

ಆಮೇಲೆ ಈ ಐದು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಬರೆದುಕೊಳ್ಳಿ.

ಆಸ್ತಿ ಸ್ವಯಾರ್ಜಿತವೇ, ಪಿತ್ರಾರ್ಜಿತವೇ? ಒಟ್ಟು ಕುಟುಂಬದ ಅವಿಭಕ್ತ ಆಸ್ತಿಯಾದರೆ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು. ಪಾಲಾಗದ ನಿಮ್ಮ ಭಾಗವನ್ನು ಬದುಕಿರುವಾಗ ಟ್ರಸ್ಟ್‌ಗೆ ಬಿಟ್ಟುಕೊಡಲು ಹೋದರೆ ಉಳಿದ ಪಾಲುದಾರರು ಅದನ್ನು ಕೆಡವಿಸಬಹುದು. ಮೊದಲು ನೋಂದಾಯಿತ ವಿಭಾಗ ಪತ್ರ, ಆಮೇಲೆ ಟ್ರಸ್ಟ್. ನಮ್ಮ ಶಿಕ್ಷಕರ ತೋಟ ಅಪ್ಪನಿಂದ ಬಂದದ್ದಾದರೆ ಅಣ್ಣತಮ್ಮಂದಿರೊಂದಿಗೆ ಪಾಲು ಆಗಿರುವುದಷ್ಟೇ ಸಾಲದು, ಮಗಳ ಹಕ್ಕೂ ಇತ್ಯರ್ಥವಾಗಿರಬೇಕು.

ಸರ್ಕಾರದಿಂದ ಮಂಜೂರಾದ ಜಮೀನೇ? ಮಂಜೂರಾತಿ ಆದೇಶದಲ್ಲಿ ಪರಭಾರೆ ನಿಷೇಧದ ಷರತ್ತು ಇದೆಯೇ ಎಂದು ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ವರ್ಗಾವಣೆ ಶೂನ್ಯ. ಚಿತ್ರದುರ್ಗ, ಜಗಳೂರು ಕಡೆಯ ಒಣಭೂಮಿಯಲ್ಲಿ ಇಂಥ ಮಂಜೂರಾತಿ ಬಹಳ. ಮೂರು ಕೈ ದಾಟಿ ಬಂದ ಜಮೀನಾದರೂ ಮೂಲ ಮಂಜೂರಾತಿಯವರೆಗೆ ಹಿಂದಕ್ಕೆ ಹೋಗಿ ನೋಡಲೇಬೇಕು.

ಸರ್ವೆ ನಂಬರಿನ ಒಂದು ಭಾಗವಷ್ಟೇ ಕೊಡುತ್ತಿದ್ದೀರಾ? ಹಾಗಾದರೆ ಆ ಭಾಗವನ್ನು ಅಳೆದು ಗುರುತಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಮಾಡಿಸದೆ ನೋಂದಣಿಗೆ ಹೋಗಬೇಡಿ. ಸರ್ವೆ ಅರ್ಜಿ ಕೊಟ್ಟು ಕಾಯುವುದು ಈ ಕೆಲಸದಲ್ಲೇ ಅತಿ ನಿಧಾನದ ಭಾಗ, ಹಾಗಾಗಿ ಮೊದಲ ವಾರವೇ ಅರ್ಜಿ ಹಾಕಿ.

ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನವೇ? ಕೈಯಲ್ಲಿರುವುದು ಹಂಚಿಕೆ ಪತ್ರ, ಸ್ವಾಧೀನ ಪತ್ರ, ಗುತ್ತಿಗೆ ಸಹಿತ ಕ್ರಯದ ಕರಾರು ಮಾತ್ರವಾದರೆ ನೀವಿನ್ನೂ ಪೂರ್ಣ ಮಾಲೀಕರಲ್ಲ. ಶುದ್ಧ ಕ್ರಯಪತ್ರ ಮಾಡಿಸಿಕೊಂಡು ಬನ್ನಿ.

ಸಾಲವಿದೆಯೇ? ಬ್ಯಾಂಕಿನಲ್ಲಿ ಮೂಲಪತ್ರ ಅಡವಿಟ್ಟಿದ್ದರೆ ತೀರಿಸಿ, ಇಲ್ಲವೇ ಲಿಖಿತ ಒಪ್ಪಿಗೆ ಪಡೆಯಿರಿ. ಸಾಲ ಕೊಟ್ಟವರಿಂದ ಆಸ್ತಿ ಬಚ್ಚಿಡಲು ಟ್ರಸ್ಟ್ ಮಾಡಿದರೆ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಅಡಿ ಅವರು ಅದನ್ನು ರದ್ದುಪಡಿಸಿಕೊಳ್ಳಬಹುದು. ಅಂಥ ಕೆಲಸಕ್ಕೆ ಮಗುವಿನ ಹೆಸರು ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹಂತ 3: ಫಲಾನುಭವಿ ಯಾರು, ಎಲ್ಲಿಯವರೆಗೆ

"ನನ್ನ ಕುಟುಂಬದ ಕಷ್ಟದಲ್ಲಿರುವವರಿಗೆ" ಎಂದು ಬರೆಯಬೇಡಿ. ಅದರಲ್ಲಿ ಯಾರು ಸೇರುತ್ತಾರೆ ಎಂದು ನ್ಯಾಯಾಲಯವೂ ಹೇಳಲಾರದು. ಹೆಸರು, ವಯಸ್ಸು, ಸಂಬಂಧ ಬರೆಯಿರಿ. ಶಿಕ್ಷಕರ ವಿಷಯದಲ್ಲಿ ಫಲಾನುಭವಿ ಮಗನೊಬ್ಬನೇ, ಅವನ ಜೀವಮಾನದವರೆಗೆ. ತಾಯಿಯೂ ಆ ಮನೆಯಲ್ಲೇ ಇರಬೇಕಾದರೆ ಅವರ ವಾಸದ ಹಕ್ಕನ್ನೂ ಬೇರೆಯಾಗಿ ಬರೆಯಬೇಕು. ಪತ್ರ ಬರೆಯುವ ಉತ್ಸಾಹದಲ್ಲಿ ಹೆಂಡತಿಯನ್ನು ಮರೆತ ಪತ್ರಗಳು ಬೇಕಾದಷ್ಟಿವೆ.

ಮಗನ ಕಾಲಾನಂತರ ಉಳಿದ ಆಸ್ತಿ ಯಾರಿಗೆ? ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಟ್ರಸ್ಟ್ ಕರ್ತೃವಿಗೆ ಅಥವಾ ಅವರ ವಾರಸುದಾರರಿಗೆ ಹಿಂತಿರುಗುತ್ತದೆ, ಅಲ್ಲಿಂದ ಹೊಸ ಜಗಳ ಹುಟ್ಟುತ್ತದೆ. ಮಗಳಿಗೆ, ಅವಳಿಲ್ಲದಿದ್ದರೆ ಅವಳ ಮಕ್ಕಳಿಗೆ ಎಂದು ಸ್ಪಷ್ಟವಾಗಿ ಹೇಳಿ.

ಪತ್ರ ಬರಹಗಾರರ ಲೇಖನಿಯಿಂದ ತಾನಾಗಿ ಇಳಿಯುವ ಒಂದು ಪದವಿದೆ: ಆಚಂದ್ರಾರ್ಕ. ಸೂರ್ಯ ಚಂದ್ರರಿರುವವರೆಗೆ ನಡೆಯಲಿ ಎಂಬ ಆಸೆ ಸಾರ್ವಜನಿಕ ಧರ್ಮಕಾರ್ಯಕ್ಕೆ ಹೊಂದುತ್ತದೆ. ಖಾಸಗಿ ಟ್ರಸ್ಟ್‌ಗೆ ಹೊಂದುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 14ನೇ ಕಲಂ ಪ್ರಕಾರ ಈಗ ಬದುಕಿರುವವರ ಜೀವಿತಾವಧಿ, ಅದರಾಚೆಗೆ ಇನ್ನೂ ಹುಟ್ಟಬೇಕಾದವರು ಪ್ರಾಪ್ತ ವಯಸ್ಸಿಗೆ ಬರುವ ಕಾಲ, ಇದನ್ನು ಮೀರಿ ಹಕ್ಕನ್ನು ಮುಂದೂಡಿ ಕಟ್ಟಿಹಾಕಲಾಗದು. "ಪುತ್ರ ಪೌತ್ರ ಪಾರಂಪರ್ಯವಾಗಿ ಮಾರಕೂಡದು" ಎಂಬ ಸಾಲು ಕೇಳಲು ಭದ್ರ, ನಿಲ್ಲುವುದಿಲ್ಲ.

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗುವಿದ್ದರೆ ಇನ್ನೊಂದು ಕೆಲಸ ಜೊತೆಗೇ ಆಗಲಿ. ಮಗ 18 ದಾಟಿದ ಮೇಲೆ ತಂದೆ ತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಪೋಷಕತ್ವದ ಆದೇಶ ಪಡೆಯಬೇಕು. ಟ್ರಸ್ಟಿ ನೋಡಿಕೊಳ್ಳುವುದು ಆಸ್ತಿಯನ್ನು, ಪೋಷಕರು ನೋಡಿಕೊಳ್ಳುವುದು ಮನುಷ್ಯನನ್ನು. ಒಂದಿದ್ದರೆ ಇನ್ನೊಂದು ಬೇಡವೆಂದು ತಿಳಿಯಬೇಡಿ.

ಹಂತ 4: ಟ್ರಸ್ಟಿಗಳನ್ನು ಆರಿಸಿ, ಅವರ ಒಪ್ಪಿಗೆ ಪಡೆಯಿರಿ

ಕನಿಷ್ಠ ಇಬ್ಬರಿರಲಿ. ಹಣ ಸ್ವೀಕರಿಸಿ ಇಟ್ಟುಕೊಳ್ಳುವ ಕೆಲಸವಿದ್ದಾಗ ಟ್ರಸ್ಟಿಗಳು ಇಬ್ಬರಾದರೂ ಇರಬೇಕೆಂಬುದು ಭಾರತೀಯ ಟ್ರಸ್ಟ್ ಕಾಯ್ದೆಯ 60ನೇ ಕಲಂನ ಆಶಯ. ವಿದೇಶದಲ್ಲಿ ನೆಲೆಸಿದವರು, ದಿವಾಳಿ ಸ್ಥಿತಿಯಲ್ಲಿರುವವರು, ಫಲಾನುಭವಿಯ ಹಿತಕ್ಕೆ ಎದುರಾದ ಹಿತವುಳ್ಳವರು ಆ ಕಲಂನಂತೆ ತಕ್ಕ ಟ್ರಸ್ಟಿಗಳಲ್ಲ. ಅಮೆರಿಕದಲ್ಲಿರುವ ಅಣ್ಣನ ಮಗ ಎಷ್ಟೇ ಬುದ್ಧಿವಂತನಾದರೂ ಚನ್ನಗಿರಿಯ ತೋಟದ ಕೊಯ್ಲಿಗೆ ಬರಲಾರನು.

ಅಪ್ಪ ತಾನೇ ಟ್ರಸ್ಟಿಯಾಗಬಹುದೇ? ಆಗಬಹುದು. ಆಗ ವರ್ಗಾವಣೆ ಬೇಡ, ನೋಂದಾಯಿತ ಘೋಷಣೆ ಸಾಕು. ಆದರೆ ಅಪ್ಪ ಒಬ್ಬರೇ ಟ್ರಸ್ಟಿಯಾಗಿ ಉಳಿದರೆ ಅವರ ಮರಣದ ಮರುದಿನವೇ ಟ್ರಸ್ಟ್ ಅನಾಥ. ಆದ್ದರಿಂದ ಮೊದಲ ದಿನದಿಂದಲೇ ಅಪ್ಪ, ಮಗಳು, ಜೊತೆಗೆ ರಕ್ತಸಂಬಂಧವಿಲ್ಲದ ನಂಬಿಕಸ್ತರೊಬ್ಬರು, ಹೀಗೆ ಮೂವರನ್ನು ಇಡಿ. ಒಬ್ಬರು ತೀರಿಕೊಂಡರೆ ಆಸ್ತಿ ಉಳಿದವರ ಕೈಯಲ್ಲಿ ತಾನಾಗಿ ನಿಲ್ಲುತ್ತದೆ, ಕೆಲಸ ನಿಲ್ಲುವುದಿಲ್ಲ.

ಅವರನ್ನು ಕೂರಿಸಿಕೊಂಡು ಮೊದಲೇ ಹೇಳಬೇಕಾದ ಮಾತುಗಳಿವೆ. ಟ್ರಸ್ಟಿಯಾಗಲು ಯಾರಿಗೂ ಬಲವಂತವಿಲ್ಲ, ಆದರೆ ಒಪ್ಪಿಕೊಂಡ ಮೇಲೆ ಸುಮ್ಮನೆ ಕೈತೊಳೆದುಕೊಳ್ಳಲಾಗದು. ಪತ್ರದಲ್ಲಿ ಹೇಳಿರದಿದ್ದರೆ ಸಂಬಳವಿಲ್ಲ. ಒಬ್ಬರೇ ಸಹಿ ಹಾಕಿ ನಿರ್ಧಾರ ಮಾಡುವಂತಿಲ್ಲ, ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೂರುವಂತಿಲ್ಲ. ಟ್ರಸ್ಟ್ ಆಸ್ತಿಯನ್ನು ತಾವೇ ಕೊಳ್ಳುವುದು, ಬಾಡಿಗೆಗೆ ಹಿಡಿಯುವುದು ನ್ಯಾಯಾಲಯದ ಅನುಮತಿ ಇಲ್ಲದೆ ಸಾಧ್ಯವಿಲ್ಲ. ಇದನ್ನು ಕೇಳಿ ಹಿಂಜರಿದವರನ್ನು ಒತ್ತಾಯಿಸಬೇಡಿ. ಪ್ರಾಮಾಣಿಕರಾದ್ದರಿಂದಲೇ ಅವರು ಹಿಂಜರಿದರು.

ಹಂತ 5: ಪತ್ರದ ಒಕ್ಕಣೆ

ಕಾಯ್ದೆಯ 6ನೇ ಕಲಂ ಕೇಳುವುದು ಇಷ್ಟು: ಟ್ರಸ್ಟ್ ಮಾಡುವ ಉದ್ದೇಶ, ಅದರ ಗುರಿ, ಫಲಾನುಭವಿ, ಆಸ್ತಿ, ಈ ನಾಲ್ಕೂ ತಕ್ಕಷ್ಟು ಖಚಿತವಾಗಿರಬೇಕು, ಕರ್ತೃವೇ ಟ್ರಸ್ಟಿಯಲ್ಲದಿದ್ದರೆ, ಉಯಿಲೂ ಅಲ್ಲದಿದ್ದರೆ, ಆಸ್ತಿ ಟ್ರಸ್ಟಿಗೆ ವರ್ಗಾವಣೆಯಾಗಿರಬೇಕು. ಈ ಐದರಲ್ಲಿ ಯಾವುದನ್ನು ತಪ್ಪು ಮಾತಿನಿಂದ ಕಳೆದುಕೊಳ್ಳುತ್ತೇವೆ ಎಂದು ನೋಡೋಣ.

ಆಸೆಯ ಮಾತು ಹೊಣೆಯ ಮಾತಲ್ಲ. "ಮನೆಯನ್ನು ಮಗಳಿಗೆ ಕೊಟ್ಟಿದ್ದೇನೆ, ಅದು ನಮ್ಮ ವಂಶದಲ್ಲೇ ಉಳಿಯಲಿ ಎಂದು ಆಶಿಸುತ್ತೇನೆ" ಎಂದರೆ ಟ್ರಸ್ಟ್ ಹುಟ್ಟುವುದಿಲ್ಲ, ಫಲಾನುಭವಿ ಯಾರೆಂದೇ ಗೊತ್ತಿಲ್ಲ. "ಆಸ್ತಿಯ ಬಹುಭಾಗವನ್ನು ಇಂಥವರ ಮಕ್ಕಳಿಗೆ ಹಂಚಲಿ" ಎಂದರೂ ಹುಟ್ಟುವುದಿಲ್ಲ, ಬಹುಭಾಗವೆಂದರೆ ಎಷ್ಟು? ಇಂಥ ಮಾತುಗಳು ಸೋಲುವ ಬಗೆಯನ್ನು ಆ ಕಲಂನ ದೃಷ್ಟಾಂತಗಳೇ ತೋರಿಸುತ್ತವೆ. ಆಶಿಸುತ್ತೇನೆ, ಬಯಸುತ್ತೇನೆ, ಕೋರುತ್ತೇನೆ ಎಂಬ ಕ್ರಿಯಾಪದಗಳನ್ನು ಕರಡಿನಿಂದ ಹುಡುಕಿ ತೆಗೆಯಿರಿ.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಕ್ರಯಪತ್ರದಿಂದ ನಕಲಾದ ಸಾಲು: "ಸದರಿ ಸ್ವತ್ತನ್ನು ನೀವು ಸರ್ವ ಸ್ವಾತಂತ್ರ್ಯದಿಂದ, ನಿಮ್ಮ ಇಷ್ಟಾನುಸಾರ ಅನುಭವಿಸಿಕೊಂಡು ಬರತಕ್ಕದ್ದು." ಟ್ರಸ್ಟ್ ಪತ್ರದೊಳಗೆ ಈ ಸಾಲು ಬಂದರೆ ಮೇಲೆ ಬರೆದ ಹೊಣೆಯನ್ನೆಲ್ಲ ಕೆಳಗಿನ ಸಾಲು ಅಳಿಸಿದಂತೆ. ಟ್ರಸ್ಟಿಯ ವಾರಸುದಾರರ ವಕೀಲರು ಮೊದಲು ಗುರುತು ಹಾಕುವುದು ಇದಕ್ಕೇ. ಅದರ ಜಾಗದಲ್ಲಿ ಇಂಥದೊಂದು ಸಾಲು ಬರಲಿ:

"ಷೆಡ್ಯೂಲ್ ಸ್ವತ್ತಿನ ಮಾಲೀಕತ್ವವನ್ನು ಈ ದಿನವೇ ಟ್ರಸ್ಟಿಗಳಿಗೆ ವರ್ಗಾಯಿಸಿ ಸ್ವಾಧೀನವನ್ನು ಕೊಟ್ಟಿರುತ್ತೇನೆ. ಟ್ರಸ್ಟಿಗಳು ಇದನ್ನು ತಮ್ಮ ಸ್ವಂತ ಲಾಭಕ್ಕಲ್ಲದೆ, ನನ್ನ ಮಗನ ಜೀವಿತಾವಧಿಯ ವಾಸ, ಆಹಾರ, ಚಿಕಿತ್ಸೆ ಮತ್ತು ಆರೈಕೆಗಾಗಿ ಮಾತ್ರ ಹೊಂದಿರತಕ್ಕದ್ದು."

"ವರ್ಗಾಯಿಸಿ ಕೊಟ್ಟಿರುತ್ತೇನೆ" ಎಂದಿರಬೇಕು, "ವರ್ಗಾಯಿಸಲು ನಿರ್ಧರಿಸಿರುತ್ತೇನೆ" ಎಂದಲ್ಲ. ಎರಡನೆಯದು ಮುಂದಿನ ಮಾತು. ಮುಂದಿನ ದಿನ ಬರುವುದರೊಳಗೆ ಕರ್ತೃ ತೀರಿಕೊಂಡರೆ ಆಸ್ತಿ ವಾರಸುದಾರರ ಪಾಲು.

ಇನ್ನು ನಿತ್ಯದ ಆಡಳಿತಕ್ಕೆ ಬೇಕಾದ ಷರತ್ತುಗಳು. ಆಸ್ತಿ ಮಾರುವ ಅಧಿಕಾರ ಇದೆಯೇ, ಇದ್ದರೆ ಯಾವ ಸಂದರ್ಭದಲ್ಲಿ, ಬಂದ ಹಣ ಎಲ್ಲಿ ಇಡಬೇಕು? ಟ್ರಸ್ಟಿ ರಾಜೀನಾಮೆ ಕೊಡುವುದು ಹೇಗೆ, ಹೊಸಬರನ್ನು ನೇಮಿಸುವವರು ಯಾರು? ಮೂವರಲ್ಲಿ ಭಿನ್ನಮತ ಬಂದರೆ ಬಹುಮತ ಸಾಕೇ? ಸಾಕೆಂದು ಬರೆಯದಿದ್ದರೆ ಎಲ್ಲರೂ ಒಟ್ಟಿಗೇ ಸಹಿ ಹಾಕಬೇಕಾಗುತ್ತದೆ. ಮನೆಯನ್ನು ಬಾಡಿಗೆಗೆ ಕೊಡುವುದಾದರೆ 21 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೆ ನ್ಯಾಯಾಲಯದ ಅನುಮತಿ ಬೇಕು.

ತೋಟದ ವಿಷಯದಲ್ಲಿ ಪದಬಳಕೆ ಎಚ್ಚರದಿಂದಿರಲಿ. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961 ನಿಷೇಧಿಸಿದೆ. ನಮ್ಮ ಕಡೆ ಅಡಿಕೆ ಫಸಲನ್ನು ಚೇಣಿಗೆ ಕೊಡುತ್ತೇವಲ್ಲ, ಅದು ಒಂದು ಹಂಗಾಮಿನ ಫಸಲಿನ ಮಾರಾಟ, ಭೂಮಿಯನ್ನು ಬಿಟ್ಟುಕೊಡುವುದಲ್ಲ. ಪತ್ರದಲ್ಲಿ "ಫಸಲನ್ನು ವರ್ಷಾವಧಿ ಚೇಣಿಗೆ ಕೊಟ್ಟು ಬಂದ ಹಣವನ್ನು" ಎಂದೇ ಬರೆಸಿ. ಗೇಣಿ, ಲೀಸ್ ಎಂಬ ಪದ ತೋಟದ ಪಕ್ಕದಲ್ಲಿ ಸುಳಿಯದಿರಲಿ. ಕೃಷಿಕರಲ್ಲದವರು ಕೃಷಿ ಜಮೀನು ಹೊಂದಲು ಇದೇ ಕಾಯ್ದೆಯ 79ಎ, 79ಬಿ ಕಲಂಗಳು ಒಡ್ಡಿದ್ದ ಅಡ್ಡಿ 2020ರ ತಿದ್ದುಪಡಿಯಲ್ಲಿ ಹೋಯಿತು, ಎಷ್ಟು ಜಮೀನು ಹೊಂದಬಹುದೆಂಬ ಭೂಮಿತಿ ಉಳಿದಿದೆ.

ರದ್ದು ಮಾಡುವ ಅಧಿಕಾರವನ್ನು ಇಟ್ಟುಕೊಳ್ಳಬೇಕೇ? ಪತ್ರದಲ್ಲಿ ಸ್ಪಷ್ಟವಾಗಿ ಕಾದಿರಿಸದಿದ್ದರೆ, ಸ್ವಸ್ಥ ವಯಸ್ಕ ಫಲಾನುಭವಿಗಳೆಲ್ಲರ ಒಪ್ಪಿಗೆಯಿಲ್ಲದೆ ನೀವು ಟ್ರಸ್ಟನ್ನು ಹಿಂತೆಗೆದುಕೊಳ್ಳಲಾಗದು. ಕಾದಿರಿಸಿದರೆ ಟ್ರಸ್ಟ್ ಆದಾಯವನ್ನು ಆದಾಯ ತೆರಿಗೆ ಕಾನೂನು ನಿಮ್ಮದೇ ಆದಾಯವೆಂದು ಎಣಿಸುತ್ತದೆ, ಮಗುವಿನ ಭದ್ರತೆಯೂ ಅಷ್ಟು ಸಡಿಲವಾಗುತ್ತದೆ. ನನ್ನ ಒಲವು ಕಾದಿರಿಸದಿರುವ ಕಡೆಗೆ. ಧೈರ್ಯ ಸಾಲದಿದ್ದರೆ ಸಣ್ಣ ಆಸ್ತಿಯಿಂದ ಆರಂಭಿಸಿ.

ಹಂತ 6: ಮುದ್ರಾಂಕ ಮತ್ತು ನೋಂದಣಿ

ನೋಟರಿ ಮುದ್ರೆ ಒತ್ತಿದ ಛಾಪಾ ಕಾಗದದ ಟ್ರಸ್ಟ್ ಜಮೀನಿಗೆ, ಮನೆಗೆ ನಡೆಯುವುದಿಲ್ಲ. ಭಾರತೀಯ ಟ್ರಸ್ಟ್ ಕಾಯ್ದೆಯ 5ನೇ ಕಲಂ ನೇರವಾಗಿದೆ: ಸ್ಥಿರಾಸ್ತಿಯ ಟ್ರಸ್ಟ್ ಲಿಖಿತವಾಗಿ, ಸಹಿಯಾಗಿ, ನೋಂದಣಿಯಾಗಿರಬೇಕು, ಇಲ್ಲವೇ ಉಯಿಲಿನಲ್ಲಿರಬೇಕು. ಬ್ಯಾಂಕ್ ಠೇವಣಿ, ಚಿನ್ನದಂಥ ಚರಾಸ್ತಿಯಾದರೆ ಟ್ರಸ್ಟಿಗೆ ಮಾಲೀಕತ್ವ ವರ್ಗಾಯಿಸಿದರೂ ಸಾಕು. ನೋಟರಿ ಮಾಡಿಸಿಕೊಂಡು ಹತ್ತು ವರ್ಷ ನಿಶ್ಚಿಂತೆಯಿಂದ ಇದ್ದವರಿಗೆ ಈ ವಿಷಯ ಹೇಳುವುದು ನನಗೆ ಅತ್ಯಂತ ಕಷ್ಟದ ಕೆಲಸ.

ಮುದ್ರಾಂಕ ಶುಲ್ಕವನ್ನು ತಲೆಬರಹ ನೋಡಿ ನಿಗದಿ ಮಾಡುವುದಿಲ್ಲ, ಒಕ್ಕಣೆ ನೋಡಿ ಮಾಡುತ್ತಾರೆ. "ಟ್ರಸ್ಟ್ ಘೋಷಣೆ" ಎಂದು ಬರೆದಿದ್ದರೂ ಒಳಗೆ ಕುಟುಂಬದ ಸೆಟಲ್‌ಮೆಂಟ್ ಅಥವಾ ದಾನದ ಲಕ್ಷಣವಿದ್ದರೆ ಶುಲ್ಕ ಬದಲಾಗುತ್ತದೆ. ಸಂದೇಹವಿದ್ದರೆ ಸಹಿ ಮಾಡುವ ಮೊದಲೇ ಕರಡನ್ನು ಜಿಲ್ಲಾ ನೋಂದಣಾಧಿಕಾರಿಗೆ ಒಪ್ಪಿಸಿ, ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ 31ನೇ ಕಲಂ ಅಡಿ ಸರಿಯಾದ ಶುಲ್ಕವನ್ನು ತೀರ್ಮಾನಿಸಿಕೊಡಲು ಕೇಳಬಹುದು. ಕಡಿಮೆ ಮುದ್ರಾಂಕದ ಪತ್ರವನ್ನು ಬಾಕಿ ಶುಲ್ಕ ಮತ್ತು ಹತ್ತು ಪಟ್ಟು ದಂಡ ಕಟ್ಟುವವರೆಗೆ ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಕಾವೇರಿಯಲ್ಲಿ ವಿವರ ತುಂಬಿ, ಕರಡು ಪರಿಶೀಲನೆಯಾದ ಮೇಲೆ ಸಮಯ ಕಾದಿರಿಸಿಕೊಳ್ಳಿ. ಕರ್ತೃ, ಎಲ್ಲ ಟ್ರಸ್ಟಿಗಳು, ಗುರುತಿಸುವ ಸಾಕ್ಷಿಗಳು ಒಟ್ಟಿಗೆ ಹೋಗಿ. ಟ್ರಸ್ಟಿಗಳ ಸಹಿ ಪತ್ರದಲ್ಲೇ ಇದ್ದರೆ ಒಪ್ಪಿಗೆಗೆ ಬೇರೆ ಪುರಾವೆ ಬೇಡ. ಮನೆ ದಾವಣಗೆರೆಯಲ್ಲಿದ್ದು ಜಮೀನು ಹೊಳಲ್ಕೆರೆಯಲ್ಲಿದ್ದರೆ, ಅಂದರೆ ಎರಡು ಜಿಲ್ಲೆಯ ಆಸ್ತಿ ಒಂದೇ ಪತ್ರದಲ್ಲಿದ್ದರೆ, ಒಂದು ಕಡೆ ನೋಂದಣಿಯಾದ ಮೇಲೆ ಎರಡೂ ಕಡೆಯ ಋಣಭಾರ ಪ್ರಮಾಣಪತ್ರ ತೆಗೆಸಿ, ಪತ್ರ ಎರಡರಲ್ಲೂ ಕಾಣುತ್ತಿದೆಯೇ ಎಂದು ನೋಡಿ.

ಹಂತ 7: ಖಾತೆ, ಪಹಣಿ, ಬ್ಯಾಂಕ್

ಇಲ್ಲಿಯವರೆಗೆ ಸರಿಯಾಗಿ ಬಂದವರೂ ಇಲ್ಲಿ ಕೈಚೆಲ್ಲುತ್ತಾರೆ. ನೋಂದಣಿ ಕಚೇರಿಯಿಂದ ಪತ್ರ ಹಿಂದಕ್ಕೆ ಬಂತು, ದೇವರ ಮುಂದೆ ಇಟ್ಟು ಪೂಜೆ ಮಾಡಿ ಬೀರುವಿಗೆ ಸೇರಿಸಿದರು, ಮುಗಿಯಿತು. ಇಲ್ಲ, ಮುಗಿದಿಲ್ಲ.

ನಮ್ಮ ಕಾನೂನಿನಲ್ಲಿ ಖಾಸಗಿ ಟ್ರಸ್ಟ್ ಕಂಪನಿಯಂತೆ ಬೇರೆಯೇ ಒಬ್ಬ ವ್ಯಕ್ತಿಯಲ್ಲ. ಆಸ್ತಿ ನಿಲ್ಲುವುದು ಟ್ರಸ್ಟಿಗಳ ಹೆಸರಿನಲ್ಲಿ. ಆದ್ದರಿಂದ ಪಹಣಿಯಲ್ಲೂ ಖಾತೆಯಲ್ಲೂ "ಇಂಥ ಟ್ರಸ್ಟಿನ ಟ್ರಸ್ಟಿಗಳಾದ ಇಂಥಿಂಥವರು" ಎಂದು ಬರಬೇಕು. ಬರೀ ಮಗಳ ಹೆಸರು ಬಂದರೆ ನಾಳೆ ಅದು ಅವಳ ಸ್ವಂತದ್ದೆಂದು ಕಾಣುತ್ತದೆ. ತೋಟಕ್ಕೆ ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಷನ್, ಮನೆಗೆ ಮಹಾನಗರ ಪಾಲಿಕೆಯಲ್ಲಿ ಖಾತೆ ಬದಲಾವಣೆ, ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು. ನೋಂದಣಿಯ ಮಾಹಿತಿ ಪಹಣಿಗಳನ್ನು ಇಡುವ ಭೂಮಿ ತಂತ್ರಾಂಶಕ್ಕೆ ತಾನಾಗಿ ಹೋಗುತ್ತದೆ ಎಂದು ಸುಮ್ಮನಿರಬೇಡಿ. ಎರಡು ತಿಂಗಳು ಬಿಟ್ಟು ಹೊಸ ಪಹಣಿ ತೆಗೆಸಿ, ಮಾಲೀಕರ ಹೆಸರಿರುವ 9ನೇ ಕಾಲಂ ಓದಿ.

ಟ್ರಸ್ಟ್ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಬ್ಯಾಂಕ್ ಖಾತೆ ತೆರೆಯಿರಿ. ಇಬ್ಬರ ಜಂಟಿ ಸಹಿ ಇರಲಿ. ವಿದ್ಯುತ್, ನೀರು, ಮನೆ ಕಂದಾಯ ಎಲ್ಲವೂ ಆ ಖಾತೆಯಿಂದಲೇ ಹೋಗಲಿ. ಫಲಾನುಭವಿ ಯಾರು, ಪಾಲೆಷ್ಟು ಎಂಬುದು ಖಚಿತವಿಲ್ಲದ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ ಬೀಳುತ್ತದೆ. 3ನೇ ಹಂತದ ಸ್ಪಷ್ಟತೆ ಇಲ್ಲಿ ಹಣವಾಗಿ ಉಳಿಯುತ್ತದೆ.

ಹಂತ 8: ವರ್ಷದಿಂದ ವರ್ಷಕ್ಕೆ ನಡೆಸುವುದು

ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಾಕು. ಚೇಣಿ ಹಣ ಎಷ್ಟು ಬಂತು, ಮಗನ ಔಷಧಿಗೆ, ಆರೈಕೆಯವರ ಸಂಬಳಕ್ಕೆ, ತೋಟದ ಗೊಬ್ಬರಕ್ಕೆ ಎಷ್ಟು ಹೋಯಿತು, ರಸೀದಿಗಳ ಸಮೇತ. ಲೆಕ್ಕ ಇಡುವುದು, ಕೇಳಿದಾಗ ತೋರಿಸುವುದು ಟ್ರಸ್ಟಿಯ ಕಾನೂನಿನ ಕರ್ತವ್ಯ. ವರ್ಷಕ್ಕೊಮ್ಮೆ ಮೂವರೂ ಕೂತು ಸಹಿ ಹಾಕಿ. ಸ್ವಂತ ಆಸ್ತಿಯನ್ನು ಸಾಮಾನ್ಯ ವಿವೇಕವುಳ್ಳವರು ಎಷ್ಟು ಜೋಪಾನ ಮಾಡುತ್ತಾರೋ ಅಷ್ಟು ಜೋಪಾನವನ್ನು ಕಾನೂನು ಟ್ರಸ್ಟಿಯಿಂದ ಕೇಳುತ್ತದೆ. ಏನು ಮಾಡಬೇಕೆಂದು ತೋಚದಾಗ ಭಾರತೀಯ ಟ್ರಸ್ಟ್ ಕಾಯ್ದೆಯ 34ನೇ ಕಲಂ ಅಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಸಲಹೆ ಕೇಳಬಹುದು. ಈ ದಾರಿಯನ್ನು ಬಳಸುವವರು ತೀರ ಕಡಿಮೆ; ಬಳಸಿದ್ದರೆ ಎಷ್ಟೋ ಜಗಳಗಳು ಹುಟ್ಟುತ್ತಲೇ ಇರಲಿಲ್ಲ.

ಅಪಾಯದ ಸೂಚನೆಗಳು

ಟ್ರಸ್ಟಿ ಚೇಣಿ ಹಣವನ್ನು ತನ್ನ ಸ್ವಂತ ಖಾತೆಗೆ ಹಾಕಿಸಿಕೊಂಡು "ಆಮೇಲೆ ಕೊಡುತ್ತೇನೆ" ಎಂದರೆ ಅಲ್ಲಿಂದಲೇ ಎಚ್ಚರವಾಗಿ. ಇಬ್ಬರು ಟ್ರಸ್ಟಿಗಳಲ್ಲಿ ಒಬ್ಬರು ಖಾಲಿ ಚೆಕ್ಕುಗಳಿಗೆ ಸಹಿ ಮಾಡಿಟ್ಟಿದ್ದರೆ ಅದೂ ಕೆಟ್ಟ ಲಕ್ಷಣ. ಹಾಗೆ ಸಹಿ ಹಾಕಿದವರೂ ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ಮೂಲಪತ್ರ "ಬ್ಯಾಂಕಿನಲ್ಲಿದೆ" ಎಂಬ ಉತ್ತರ ಬಂದರೆ ಅಂದೇ ಋಣಭಾರ ಪ್ರಮಾಣಪತ್ರ ತೆಗೆಸಿ. ಟ್ರಸ್ಟಿಯ ಮನೆಯವರು ಆ ಆಸ್ತಿಯನ್ನು "ನಮ್ಮ ತೋಟ" ಎಂದು ಕರೆಯಲು ಆರಂಭಿಸಿದರೆ ದಾಖಲೆಗಳನ್ನು ಮತ್ತೊಮ್ಮೆ ಪರಿಶೀಲಿಸುವ ಕಾಲ ಬಂದಿದೆ. ಮತ್ತು ಮುಖ್ಯವಾಗಿ, ಮಗುವಿನ ಬಟ್ಟೆ, ಹಲ್ಲು, ಉಗುರು ನೋಡಿ. ಲೆಕ್ಕದ ಪುಸ್ತಕ ಹೇಳದ್ದನ್ನು ಅವು ಹೇಳುತ್ತವೆ.

ಈಗಾಗಲೇ ತಪ್ಪು ಆಗಿಹೋಗಿದ್ದರೆ

ಕರ್ತೃ ಬದುಕಿದ್ದರೆ ಬಹುತೇಕ ಎಲ್ಲವನ್ನೂ ಸರಿಪಡಿಸಬಹುದು. ನೋಟರಿ ಪತ್ರವಾಗಿದ್ದರೆ ಹೊಸದಾಗಿ ನೋಂದಾಯಿತ ಟ್ರಸ್ಟ್ ಪತ್ರ ಮಾಡಿಸಿ. ಸರ್ವೆ ನಂಬರ್, ಚಕ್ಕುಬಂದಿ, ಜಿಲ್ಲೆಯ ಹೆಸರು ತಪ್ಪಿದ್ದರೆ ನೋಂದಾಯಿತ ತಿದ್ದುಪಡಿ ಪತ್ರ ಸಾಕು. ಖಾತೆ ಬದಲಾಗದಿದ್ದರೆ ಇಂದೇ ಅರ್ಜಿ ಕೊಡಿ, ವರ್ಷ ಕಳೆದಿದ್ದರೂ ಕೊಡಿ.

ಕರ್ತೃ ತೀರಿಕೊಂಡಿದ್ದು, ಪತ್ರ ನೋಂದಣಿಯಾಗಿ, ಒಕ್ಕಣೆಯೂ ಸರಿಯಾಗಿದ್ದರೆ ಖಾತೆ ಆಗದಿರುವುದರಿಂದ ಟ್ರಸ್ಟ್ ಸಾಯುವುದಿಲ್ಲ. ಮ್ಯುಟೇಷನ್ ಹಕ್ಕನ್ನು ಹುಟ್ಟಿಸುವುದಿಲ್ಲ, ದಾಖಲಿಸುತ್ತದೆ ಅಷ್ಟೇ. ಪೌತಿ ಖಾತೆಯ ಅರ್ಜಿಗೆ ತಹಶೀಲ್ದಾರ್ ಕಚೇರಿಯಲ್ಲಿ ಕೂಡಲೇ ಲಿಖಿತ ತಕರಾರು ಸಲ್ಲಿಸಿ, ಟ್ರಸ್ಟ್ ಪತ್ರದ ದೃಢೀಕೃತ ನಕಲನ್ನು ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಟ್ರಸ್ಟಿಗಳು ಯಾರೂ ಉಳಿದಿಲ್ಲವಾದರೆ, ನೇಮಿಸುವವರೂ ಇಲ್ಲವಾದರೆ, ಅದೇ ಟ್ರಸ್ಟ್ ಕಾಯ್ದೆಯ 74ನೇ ಕಲಂ ಅಡಿ ಹೊಸ ಟ್ರಸ್ಟಿಯ ನೇಮಕಕ್ಕೆ ಫಲಾನುಭವಿಯ ಪರವಾಗಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಕೊಡಬೇಕು. ಪತ್ರವೇ ನೋಂದಣಿಯಾಗಿರದೆ ಕರ್ತೃವೂ ಇಲ್ಲದಿದ್ದರೆ, ಮಗ ವಾರಸುದಾರನಾಗಿ ತನ್ನ ಪಾಲನ್ನು ಪಡೆಯುವ ದಾರಿಯೇ ಉಳಿಯುವುದು. ಆಗ ತಾಯಿ ಮೊದಲು ಪೋಷಕತ್ವದ ಆದೇಶ ಪಡೆದು, ಪಾಲು ಕೈಗೆ ಬಂದ ಮೇಲೆ ತನ್ನ ಸ್ವಂತ ಪಾಲಿನಿಂದ 1ನೇ ಹಂತದಿಂದ ಮತ್ತೆ ಆರಂಭಿಸಬೇಕು.